ಹವಳದ ದಿಬ್ಬದ ಬಸವನಹುಳುವನ್ನು ಚಿಪ್ಪಿನಿಂದ ಗುರುತಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಚಿಪ್ಪು ಕೈಗೆ ಸಿಕ್ಕ ಕೂಡಲೇ ಬಹುತೇಕರು ಮಾಡುವುದು ಒಂದೇ ಕೆಲಸ. ಬೆನ್ನಿನ ಕಡೆಯಿಂದ ಒಂದು ಫೋಟೊ ತೆಗೆಯುತ್ತಾರೆ, ಅದರ ಬಣ್ಣ, ಚಿತ್ತಾರಕ್ಕೆ ಹೋಲುವ ಇನ್ನೊಂದು ಫೋಟೊ ಹುಡುಕುತ್ತಾರೆ. ಹೋಲುವ ಫೋಟೊ ಸಿಕ್ಕಿಯೂ ಸಿಗುತ್ತದೆ, ಆದರೆ ಹೆಸರು ತಪ್ಪಾಗಿರುತ್ತದೆ. ಪ್ರಪಂಚದಲ್ಲಿ ಕವಡೆಗಳೇ 200ಕ್ಕೂ ಹೆಚ್ಚು ಬಗೆ. ಕೋನ್ ಶಂಖಗಳು ಪ್ರಪಂಚದಲ್ಲಿ 900ಕ್ಕೂ ಹೆಚ್ಚು ಬಗೆಯಿವೆ, ಅವುಗಳಲ್ಲಿ ಹೆಚ್ಚಿನವು ಬೆಚ್ಚನೆಯ ಕಡಲಿನವು. ಇಷ್ಟೊಂದರ ನಡುವೆ ಚುಕ್ಕೆ, ಪಟ್ಟೆ ನೋಡಿ ಹೆಸರಿಡಲು ಹೊರಟರೆ ದಾರಿ ತಪ್ಪುವುದು ಖಚಿತ.

ಸರಿಯಾದ ಕ್ರಮ ಇದು: ಮೊದಲು ಬಾಯಿ (ಚಿಪ್ಪಿನ ತೆರೆದ ಭಾಗ), ಆಮೇಲೆ ನಡುಗಂಬ, ತುಟಿ (ಬಾಯಿಯ ಅಂಚು), ಗೋಪುರ, ಮೇಲ್ಮೈ. ಬಣ್ಣ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ಬಿಡದೆ ಪಾಲಿಸಿದರೆ ಹೊಸಬರೂ ಹೆಚ್ಚಿನ ಚಿಪ್ಪುಗಳನ್ನು ಕುಟುಂಬದ ಮಟ್ಟಕ್ಕೆ ತರಬಲ್ಲರು. ಒಳ್ಳೆಯ ಸ್ಥಿತಿಯಲ್ಲಿರುವ ಚಿಪ್ಪಾದರೆ ಪ್ರಭೇದದವರೆಗೂ ಹೋಗಬಹುದು.

## ಬೇಕಾಗುವ ಸಾಮಗ್ರಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ವರ್ನಿಯರ್ ಕ್ಯಾಲಿಪರ್ ಅಥವಾ ಮಿಲಿಮೀಟರ್ ಗುರುತಿನ ಸ್ಕೇಲು, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಬಿದಿರಿನ ಕಡ್ಡಿ, ಸಣ್ಣ ಟಾರ್ಚ್, ಹೊಳಪಿಲ್ಲದ ಬೂದು ಅಥವಾ ಕಪ್ಪು ಬಟ್ಟೆ, ಟಿಪ್ಪಣಿ ಪುಸ್ತಕ. ಫೋಟೊಗೆ ಮೊಬೈಲ್ ಸಾಕು.

ಇವುಗಳಲ್ಲಿ ಜನ ಕಡೆಗಣಿಸುವುದು ಟಾರ್ಚನ್ನು. ಚಿಪ್ಪಿನ ಮೇಲೆ ನೇರವಾಗಿ ಬೆಳಕು ಬಿದ್ದರೆ ನವಿರಾದ ಗೆರೆಗಳು ಕಾಣುವುದೇ ಇಲ್ಲ. ಪಕ್ಕದಿಂದ, ಮೇಲ್ಮೈಯನ್ನು ಸವರಿಕೊಂಡು ಹೋಗುವ ಹಾಗೆ ಬೆಳಕು ಬಿಟ್ಟರೆ ಪ್ರತಿ ಗೆರೆಗೂ ನೆರಳು ಮೂಡುತ್ತದೆ. ಬಾಯಿಯ ಒಳಗಿನ ಮಡಿಕೆ, ಹಲ್ಲು ನೋಡಲೂ ಅದೇ ಟಾರ್ಚ್ ಬೇಕು.

## ಹಂತ 1: ಒಳಗೆ ಜೀವವಿದೆಯೇ ನೋಡಿ

ಈ ಹಂತವನ್ನು ಯಾವ ಕಾರಣಕ್ಕೂ ಬಿಡಬೇಡಿ. ಕೋನ್ ಶಂಖಗಳೆಲ್ಲ ವಿಷದ ಈಟಿಯಿಂದ ಬೇಟೆಯಾಡುವ ಪ್ರಾಣಿಗಳು. ಹುಳು ತಿನ್ನುವ ಕೋನ್‌ಗಳ ಕುಟುಕು ನೋವು, ಜೋಮು ತಂದು ಮುಗಿಯಬಹುದು. ಮೀನು ತಿನ್ನುವ ಕೋನಸ್ ಜಿಯೋಗ್ರಾಫಸ್‌ನ ಕುಟುಕು ಮನುಷ್ಯರ ಪ್ರಾಣವನ್ನೇ ತೆಗೆದಿದೆ. ಇದಕ್ಕೆ ಪ್ರತಿವಿಷ ಇಲ್ಲ.

ನೀರಿನಲ್ಲಿ ಕೋನ್ ಆಕಾರದ ಚಿಪ್ಪು ಕಂಡರೆ, ಖಾಲಿ ಎಂದು ಖಚಿತವಾಗುವವರೆಗೆ ಮುಟ್ಟಬೇಡಿ. "ಅಗಲವಾದ ತುದಿಯಲ್ಲಿ ಹಿಡಿದರೆ ಅಪಾಯವಿಲ್ಲ" ಎಂಬ ಮಾತು ಬಹಳ ಕಡೆ ಓಡಾಡುತ್ತದೆ. ಅದನ್ನು ನಂಬಬೇಡಿ. ಪ್ರಾಣಿಯ ಸೊಂಡಿಲು ಉದ್ದಕ್ಕೆ ಚಾಚಿ ಚಿಪ್ಪಿನ ಬಹುತೇಕ ಯಾವ ಭಾಗವನ್ನೂ ತಲುಪಬಲ್ಲದು. ಬಟ್ಟೆಯ ಕೈಗವಸು ರಕ್ಷಣೆಯಲ್ಲ. ಜೇಬಿನಲ್ಲಿ, ಈಜುಡುಗೆಯ ಒಳಗೆ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ.

ಬಸವನಹುಳು ಒಳಕ್ಕೆ ಸರಿದಾಗ ಬಾಯಿಯನ್ನು ಮುಚ್ಚಿಕೊಳ್ಳುವ ತಟ್ಟೆಗೆ ಮುಚ್ಚಳ ಎನ್ನುತ್ತಾರೆ. ಕೋನ್ ಶಂಖದ ಮುಚ್ಚಳ ತೀರಾ ಚಿಕ್ಕದು, ಬಾಯಿಯನ್ನು ಮುಚ್ಚುವುದೇ ಇಲ್ಲ. ಹಾಗಾಗಿ "ಮುಚ್ಚಳ ಕಾಣಲಿಲ್ಲ, ಖಾಲಿಯೇ ಇರಬೇಕು" ಎಂದು ತೀರ್ಮಾನಿಸುವುದು ದೊಡ್ಡ ತಪ್ಪು. ಪ್ರಾಣಿ ಒಳಕ್ಕೆ ಸರಿದುಕೊಂಡಿದ್ದರೂ ಹೊರಗೆ ಏನೂ ಕಾಣದೆ ಇರಬಹುದು.

ಯಾರಿಗಾದರೂ ಕುಟುಕಿದರೆ ನೋವು ಎಷ್ಟಿದೆ ಎಂದು ಕಾದು ನೋಡಬೇಡಿ. ಕೈ ಅಥವಾ ಕಾಲಿಗೆ, ರಕ್ತದ ಓಡಾಟ ನಿಲ್ಲದಷ್ಟು ಮಾತ್ರ ಬಿಗಿಯಾಗಿ ಪಟ್ಟಿ ಸುತ್ತಿ, ಅಲುಗಾಡದಂತೆ ಇರಿಸಿ, ಕೂಡಲೇ ಆಸ್ಪತ್ರೆಗೆ ಸಾಗಿಸಿ. ವಿಷ ಉಸಿರಾಟದ ಸ್ನಾಯುಗಳನ್ನು ನಿಲ್ಲಿಸಬಹುದು. ಉಸಿರು ನಿಂತರೆ ವೈದ್ಯಕೀಯ ನೆರವು ಸಿಗುವವರೆಗೆ ಕೃತಕ ಉಸಿರಾಟ ಕೊಡುತ್ತಲೇ ಇರಬೇಕು.

ಉಳಿದ ಚಿಪ್ಪುಗಳಲ್ಲಿ ಅಪಾಯ ನಿಮಗಲ್ಲ, ಒಳಗಿರುವ ಜೀವಕ್ಕೆ. ಮುಚ್ಚಳ ಬಿಗಿಯಾಗಿ ಕೂತಿದ್ದರೆ, ಒದ್ದೆಯಾದ ಮಾಂಸ ಕಂಡರೆ, ಖಾಲಿ ಚಿಪ್ಪಿನಲ್ಲಿ ಮನೆ ಮಾಡುವ ಸನ್ಯಾಸಿ ಏಡಿಯ ಕೊಂಡಿ ಬಾಯಿಗೆ ಅಡ್ಡ ಬಂದಿದ್ದರೆ, ಅಲ್ಲೇ ಫೋಟೊ ತೆಗೆದು ಇದ್ದ ಜಾಗಕ್ಕೇ ಬಿಡಿ. ಹವಳದ ಚಪ್ಪಡಿ ಮಗುಚಿದ್ದರೆ ಅದನ್ನು ಮತ್ತೆ ಮೊದಲಿನಂತೆ ಮಗುಚಿ ಇಡಿ. ಅಡಿಯಲ್ಲಿ ಬದುಕುವ ಜೀವಿಗಳು ಬಿಸಿಲಿಗೆ ಸಾಯುತ್ತವೆ. ಖಾಲಿ ಚಿಪ್ಪನ್ನೂ ಒಯ್ಯುವ ಮುನ್ನ ಆ ಜಾಗದ ನಿಯಮ ತಿಳಿದುಕೊಳ್ಳಿ. ರಕ್ಷಿತ ಕಡಲ ಪ್ರದೇಶಗಳಲ್ಲಿ ಸತ್ತ ಚಿಪ್ಪನ್ನು ಎತ್ತುವುದಕ್ಕೂ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ.

## ಹಂತ 2: ಸಿಕ್ಕ ಜಾಗವನ್ನು ಅಲ್ಲೇ ಬರೆದಿಡಿ

ಜಾಗ ಗೊತ್ತಿಲ್ಲದ ಚಿಪ್ಪು ಅರ್ಧ ಕುರುಡು. ಯಾವ ಕಡಲು, ಯಾವ ತೀರ, ಎಷ್ಟು ಆಳ, ಮರಳಿನ ಮೇಲೋ ಹವಳದ ಕೊಂಬೆಯ ಮೇಲೋ ಚಪ್ಪಡಿಯ ಅಡಿಯಲ್ಲೋ, ಯಾವ ದಿನ ಎಂಬುದನ್ನು ಅಲ್ಲೇ ಬರೆಯಿರಿ. ಮನೆಗೆ ಹೋಗಿ ನೆನಪಿನಿಂದ ಬರೆದದ್ದು ಬೇರೆ ಚಿಪ್ಪಿನ ಜಾಗದೊಂದಿಗೆ ಕಲೆತುಹೋಗುತ್ತದೆ.

ಜೀವಂತ ಪ್ರಾಣಿ ಕಂಡ ಜಾಗ ಬಲವಾದ ಸಾಕ್ಷ್ಯ, ಖಾಲಿ ಚಿಪ್ಪು ಕಂಡ ಜಾಗ ಅಷ್ಟಲ್ಲ. ಅಲೆ ಚಿಪ್ಪನ್ನು ತಳ್ಳಿಕೊಂಡು ಬರುತ್ತದೆ, ಸನ್ಯಾಸಿ ಏಡಿ ಹೊತ್ತುಕೊಂಡು ನಡೆಯುತ್ತದೆ. ಅಂಗಡಿಯಲ್ಲಿ ಕೊಂಡ ಚಿಪ್ಪಿನ ಜಾಗವನ್ನಂತೂ ಲೆಕ್ಕಕ್ಕೆ ಹಿಡಿಯಲೇಬೇಡಿ. ಅದು ಮಾರಿದ ಊರು, ಹುಟ್ಟಿದ ಕಡಲಲ್ಲ.

## ಹಂತ 3: ಮಿತವಾಗಿ ತೊಳೆಯಿರಿ

ಸಿಹಿನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಸಂದಿಯಲ್ಲಿ ಸಿಕ್ಕಿಕೊಂಡ ಮರಳನ್ನು ಬಿದಿರಿನ ಕಡ್ಡಿಯಿಂದ ತೆಗೆಯಿರಿ. ಗುರುತಿಸುವ ಕೆಲಸ ಮುಗಿಯುವವರೆಗೆ ಇಷ್ಟೇ ಸಾಕು.

ಬ್ಲೀಚ್‌ಗೆ ಹಾಕಿದರೆ ಹೊರಪೊರೆ ಹೋಗುತ್ತದೆ. ಅನೇಕ ಶಂಖಗಳ ಮೇಲೆ ಕಂದು ಬಣ್ಣದ, ಕೆಲವೊಮ್ಮೆ ಕೂದಲಿನಂತಹ ತೆಳುಪೊರೆ ಇರುತ್ತದೆ. ಅದೂ ಒಂದು ಗುರುತೇ. ವಿನೆಗರ್, ನಿಂಬೆರಸ, ಶೌಚಾಲಯ ತೊಳೆಯುವ ಆಮ್ಲ ಇವು ಇನ್ನೂ ಕೆಟ್ಟವು. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ ಆದದ್ದು, ಆಮ್ಲ ಬಿದ್ದಲ್ಲಿ ಕರಗುತ್ತದೆ. ಮೊದಲು ಹೋಗುವುದು ಹೊಳಪು ಮತ್ತು ನವಿರಾದ ಗೆರೆಗಳು. ಎಣ್ಣೆ ಸವರಿದರೆ ಸವೆದ ಚಿಪ್ಪೂ ಹೊಸದರಂತೆ ಹೊಳೆಯುತ್ತದೆ, ಎಷ್ಟು ಸವೆದಿದೆ ಎಂಬುದೇ ಮರೆಯಾಗುತ್ತದೆ.

ಗುಲಾಬಿ ಅಥವಾ ನೇರಳೆ ಬಣ್ಣದ ಗಟ್ಟಿ ಪದರವೊಂದು ಅಂಟಿಕೊಂಡಿದ್ದರೆ ಅದು ಚಿಪ್ಪಿನ ಬಣ್ಣವಲ್ಲ, ಸುಣ್ಣ ಕಟ್ಟುವ ಪಾಚಿ. ಹವಳದ ದಿಬ್ಬದ ಡ್ರೂಪಾ, ಡ್ರೂಪೆಲಾ, ಟರ್ಬೊ ಚಿಪ್ಪುಗಳ ಮೇಲೆ ಇದು ಸರ್ವೇಸಾಮಾನ್ಯ. ಕೆರೆದು ತೆಗೆಯಲು ಹೋದರೆ ಗಂಟುಗಳ ತುದಿಯೂ ಕಿತ್ತು ಬರುತ್ತದೆ. ಅದನ್ನು ಹಾಗೇ ಬಿಟ್ಟು ಬಾಯಿಯ ಕಡೆ ಗಮನ ಕೊಡಿ. ಬಾಯಿಯ ಒಳಗೆ ಪಾಚಿ ಹೆಚ್ಚಾಗಿ ಹತ್ತಿರುವುದಿಲ್ಲ.

## ಹಂತ 4: ಸರಿಯಾಗಿ ಹಿಡಿಯಿರಿ, ಅಳೆಯಿರಿ, ಫೋಟೊ ತೆಗೆಯಿರಿ

ಚೂಪು ತುದಿ ಮೇಲಕ್ಕೆ, ಬಾಯಿ ನಿಮ್ಮ ಕಡೆಗೆ ಇರಲಿ. ಬಾಯಿ ಬಲಗಡೆ ಬಂದರೆ ಅದು ಸಾಮಾನ್ಯ ಚಿಪ್ಪು. ಎಡಗಡೆ ಬರುವುದು ಅಪರೂಪ. ಟ್ರೈಫೋರಿಡೇ ಕುಟುಂಬದ ಮಿಲಿಮೀಟರ್ ಲೆಕ್ಕದ ಪುಟಾಣಿ ಚಿಪ್ಪುಗಳಲ್ಲಿ ಅದು ಸಹಜ, ಉಳಿದೆಡೆ ತೀರಾ ವಿರಳ. ಫೋಟೊದಲ್ಲಿ ದೊಡ್ಡ ಶಂಖದ ಬಾಯಿ ಎಡಕ್ಕೆ ಕಂಡರೆ ಮೊದಲು ಸಂಶಯ ಪಡಬೇಕಾದ್ದು ಫೋಟೊವನ್ನು. ಸೆಲ್ಫಿ ಕ್ಯಾಮೆರಾ ಕನ್ನಡಿಯಂತೆ ಬಿಂಬವನ್ನು ತಿರುಗಿಸಿರುತ್ತದೆ.

ಎತ್ತರವನ್ನು ಸುರುಳಿಯ ನಡುರೇಖೆಯ ಉದ್ದಕ್ಕೆ, ತುದಿಯಿಂದ ಬುಡದವರೆಗೆ ಅಳೆಯಿರಿ. ಅಗಲ ಅದಕ್ಕೆ ಲಂಬವಾಗಿ, ಅತಿ ಅಗಲವಾದ ಕಡೆ. ಮುಳ್ಳುಗಳಿದ್ದರೆ ಅವುಗಳನ್ನು ಸೇರಿಸಿ ಅಳೆದಿರೋ ಬಿಟ್ಟು ಅಳೆದಿರೋ ಎಂಬುದನ್ನೂ ಬರೆಯಿರಿ.

ಕನಿಷ್ಠ ನಾಲ್ಕು ಫೋಟೊ ಬೇಕು: ಬಾಯಿಯ ಕಡೆ, ಬೆನ್ನಿನ ಕಡೆ, ತುದಿಯನ್ನು ಮೇಲಿನಿಂದ, ಹೊರತುಟಿಯನ್ನು (ಬಾಯಿಯ ಹೊರಬದಿಯ ಅಂಚನ್ನು) ಪಕ್ಕದಿಂದ. ಮೊಬೈಲನ್ನು ಚಿಪ್ಪಿಗೆ ತಾಗುವಷ್ಟು ಹತ್ತಿರ ಹಿಡಿಯಬೇಡಿ, ನಡುಭಾಗ ಉಬ್ಬಿದಂತೆ ಕಂಡು ಆಕಾರವೇ ಸುಳ್ಳಾಗುತ್ತದೆ. ಒಂದೆರಡು ಅಡಿ ಹಿಂದೆ ಸರಿದು ಜೂಮ್ ಮಾಡಿ. ಪಕ್ಕದಲ್ಲಿ ಸ್ಕೇಲು ಇರಲಿ.

## ಹಂತ 5: ಬಾಯಿ ನೋಡಿ

ಗುರುತಿಸುವಿಕೆಯ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಮೊದಲ ಪ್ರಶ್ನೆ: ಬಾಯಿಯ ಅಂಚು ಕೆಳಗಡೆ ಸುತ್ತಲೂ ತುಂಡಾಗದೆ ಸಾಗಿದೆಯೇ, ಇಲ್ಲವೇ ಬುಡದಲ್ಲಿ ಒಂದು ಕಚ್ಚು ಅಥವಾ ಕಾಲುವೆ ಇದೆಯೇ? ನೀರು ಎಳೆದುಕೊಳ್ಳುವ ಸೈಫನ್ ಎಂಬ ಕೊಳವೆಯನ್ನು ಪ್ರಾಣಿ ಚಾಚುವುದು ಈ ಕಚ್ಚಿನ ಮೂಲಕ.

ಕಚ್ಚು ಇಲ್ಲ, ಬಾಯಿ ದುಂಡು, ಒಳಗೆ ಮುತ್ತಿನ ಹೊಳಪು. ಟರ್ಬೊ ಅಥವಾ ಬುಗುರಿಶಂಖದ ಬಳಗ. ಚಿಪ್ಪು ಉಬ್ಬಿಕೊಂಡಿದ್ದು ಮುಚ್ಚಳ ಸುಣ್ಣದ್ದಾಗಿ ದಪ್ಪಗಿದ್ದರೆ ಟರ್ಬೊ. ಶಂಕುವಿನಂತೆ ನೇರ ಬದಿ, ಚಪ್ಪಟೆ ತಳ, ಕೊಂಬಿನಂತಹ ತೆಳು ಮುಚ್ಚಳ ಇದ್ದರೆ ಬುಗುರಿಶಂಖ.

ಕಚ್ಚು ಇಲ್ಲ, ಬಾಯಿ ಅರ್ಧಚಂದ್ರ, ಮುತ್ತಿನ ಹೊಳಪಿಲ್ಲ. ಒಳತುಟಿ (ಬಾಯಿಯ ಒಳಬದಿಯ ಅಂಚು) ಹಲಗೆಯಂತೆ ಚಪ್ಪಟೆಯಾಗಿ, ಅಂಚಿನಲ್ಲಿ ಹಲ್ಲುಗಳಿದ್ದರೆ ನೆರೈಟ್. ಚಿಪ್ಪು ನುಣುಪಾಗಿ, ಉರುಟಾಗಿ, ಬಾಯಿಯ ಪಕ್ಕದಲ್ಲಿ ಹೊಕ್ಕುಳಿನಂತಹ ಕುಳಿಯಿದ್ದು ಅದು ಅರೆಬರೆ ಮುಚ್ಚಿದ್ದರೆ ನಾಟಿಕಾ ಬಳಗ. ಅದು ದಿಬ್ಬದ ನಡುವಿನ ಮರಳಿನಲ್ಲಿ ಇರುತ್ತದೆ.

ಬಾಯಿ ಉದ್ದಕ್ಕೂ ಸೀಳು, ಎರಡೂ ಕಡೆ ಹಲ್ಲು. ಕವಡೆ. ಹಲ್ಲು ಹೊರತುಟಿಯಲ್ಲಿ ಮಾತ್ರ ಇದ್ದು ಚಿಪ್ಪು ಹಾಲಿನಂತೆ ಬಿಳಿ, ಒಳಗೆ ಕೆಂಗಂದು ಆಗಿದ್ದರೆ ಅದು ಕವಡೆಯಲ್ಲ, ಮೊಟ್ಟೆಕವಡೆ ಎನ್ನುವ ಓವ್ಯುಲಾ ಓವಮ್.

ಬಾಯಿ ಉದ್ದಕ್ಕೂ ಸೀಳು, ಹಲ್ಲಿಲ್ಲ, ಚಿಪ್ಪು ಶಂಕುವಿನಂತೆ. ಕೋನ್ ಇರಬಹುದು. ಇಲ್ಲಿ ಅವಸರ ಬೇಡ, ಏಳನೆಯ ಹಂತದವರೆಗೆ ಕಾಯಿರಿ.

ಬುಡದಲ್ಲಿ ಕಾಲುವೆ, ಮೈತುಂಬ ಗಂಟು ಅಥವಾ ಮುಳ್ಳು. ಮ್ಯೂರೆಕ್ಸ್ ಬಳಗ, ಕಪ್ಪೆಶಂಖ, ಟ್ರೈಟಾನ್ ಶಂಖ ಇವುಗಳಲ್ಲಿ ಒಂದು. ಎಂಟನೆಯ ಹಂತ ತೀರ್ಮಾನಿಸುತ್ತದೆ.

ಚಿಪ್ಪು ಸೂಜಿಯಂತೆ ಉದ್ದ, ಸುತ್ತುಗಳು ಹಲವು, ಬಾಯಿ ಚಿಕ್ಕದು. ಬುಡದಲ್ಲಿ ಕಚ್ಚು ಇದ್ದರೆ ಟೆರೆಬ್ರಾ. ಗಿಡ್ಡ ಕಾಲುವೆ ಹಿಂದಕ್ಕೆ ಬಾಗಿದ್ದರೆ ಸೆರಿಥಿಯಂ. ಕಚ್ಚೂ ಇಲ್ಲ, ಕಾಲುವೆಯೂ ಇಲ್ಲ, ಬಾಯಿ ದುಂಡು ಎಂದಾದರೆ ಟುರಿಟೆಲಾ.

ಕಿವಿಯಂತೆ ಚಪ್ಪಟೆ, ಅಂಚಿನಲ್ಲಿ ತೂತುಗಳ ಸಾಲು. ಅಬಲೋನಿ. ಇಲ್ಲಿ ತೆರೆದ ತೂತುಗಳನ್ನು ಎಣಿಸಲೇಬೇಕು, ಹಳೆಯವು ಮುಚ್ಚಿಹೋಗಿರುತ್ತವೆ.

ಒಂದೇ ಒಂದು ದುಂಡನೆಯ ತೂತು ಚಿಪ್ಪಿನ ಮೈಮೇಲೆ ಎಲ್ಲೋ ಇದ್ದರೆ ಅದು ಈ ಪಟ್ಟಿಗೆ ಸೇರಿದ್ದಲ್ಲ. ಬೇರೊಂದು ಬಸವನಹುಳು ಕೊರೆದು ಇದನ್ನು ತಿಂದಿರುವ ಗುರುತು ಅದು. ತೂತಿನ ಅಂಚು ಹೊರಗೆ ಅಗಲವಾಗಿ ಒಳಗೆ ಕಿರಿದಾಗಿದ್ದರೆ ಕೊರೆದದ್ದು ನಾಟಿಕಾ ಬಳಗ, ಬದಿಗಳು ನೇರವಾಗಿದ್ದರೆ ಹೆಚ್ಚಾಗಿ ಮ್ಯೂರೆಕ್ಸ್ ಬಳಗ. ಚಿಪ್ಪಿನ ಹೆಸರಿಗೆ ಇದರಿಂದ ಉಪಯೋಗವಿಲ್ಲ. ಆದರೂ ಬರೆದಿಡಿ, ಅಲ್ಲಿ ಯಾರು ಯಾರನ್ನು ತಿನ್ನುತ್ತಿದ್ದಾರೆ ಎಂಬುದಕ್ಕೆ ಅದೊಂದು ದಾಖಲೆ.

## ಹಂತ 6: ನಡುಗಂಬವನ್ನು ಟಾರ್ಚ್ ಹಾಕಿ ನೋಡಿ

ಸುರುಳಿಯ ಒಳಗೆ ಮೇಲಿಂದ ಕೆಳಗೆ ಸಾಗುವ ಕಂಬವೇ ನಡುಗಂಬ. ಬಾಯಿಯ ಒಳಬದಿಯಲ್ಲಿ ಅದರ ಕೆಳತುದಿ ಕಾಣುತ್ತದೆ. ಅಲ್ಲಿ ಅಡ್ಡಡ್ಡ ಮಡಿಕೆಗಳಿವೆಯೇ ನೋಡಿ.

ಮೂರು ನಾಲ್ಕು ಬಲವಾದ ಮಡಿಕೆಗಳು, ಮೇಲಿನದು ದೊಡ್ಡದು, ಕೆಳಗೆ ಹೋದಂತೆ ಚಿಕ್ಕದು. ಇದು ಮೈಟರ್ ಶಂಖಗಳ ಗುರುತು. ಅದೇ ಮಡಿಕೆಗಳಿದ್ದು, ಮೈಮೇಲೆ ಉದ್ದುದ್ದ ಏಣುಗಳು ಎದ್ದಿದ್ದು, ಹೊರತುಟಿಯ ಒಳಗೆ ನವಿರಾದ ಗೆರೆಗಳೂ ಇದ್ದರೆ ಅದು ವೆಕ್ಸಿಲಮ್, ಬೇರೆಯೇ ಕುಟುಂಬ. ಮೈಟರ್‌ಗಳಲ್ಲಿ ತುಟಿಯ ಒಳಭಾಗ ನಯ. ಈ ಎರಡನ್ನು ಹೊರನೋಟದಿಂದ ಬೇರೆ ಮಾಡಲು ಹೋಗಿ ಸೋತವರು ಬಹಳ. ಟಾರ್ಚ್ ಹಾಕಿ ತುಟಿಯ ಒಳಗೆ ಇಣುಕಿದರೆ ಬಗೆಹರಿಯುತ್ತದೆ.

## ಹಂತ 7: ಹೊರತುಟಿ, ಮತ್ತು ಚಿಪ್ಪಿನ ವಯಸ್ಸು

ಹೊರತುಟಿ ಎರಡು ವಿಷಯ ಹೇಳುತ್ತದೆ: ಯಾವ ಬಳಗ, ಮತ್ತು ಬೆಳೆದು ಮುಗಿದಿದೆಯೋ ಇಲ್ಲವೋ.

ಬಳಗದ ವಿಷಯದಲ್ಲಿ ಅತಿ ಮುಖ್ಯವಾದದ್ದು ಸ್ಟ್ರೊಂಬ್ ಕಚ್ಚು. ಸ್ಟ್ರೊಂಬ್ ಶಂಖಗಳಲ್ಲಿ ಬುಡದ ಸೈಫನ್ ಕಚ್ಚಿನ ಪಕ್ಕದಲ್ಲೇ, ಹೊರತುಟಿಯ ಕೆಳ ಅಂಚಿನಲ್ಲಿ, ಎರಡನೆಯದೊಂದು ಬಳುಕಿದ ಕಚ್ಚು ಇರುತ್ತದೆ. ಪ್ರಾಣಿ ತನ್ನ ಬಲಗಣ್ಣನ್ನು ಹೊರಚಾಚುವುದು ಅದರ ಮೂಲಕ.

ಕೋನ್ ಶಂಖದೊಂದಿಗೆ ಆಗುವ ಗೊಂದಲ ಪರಿಹಾರವಾಗುವುದೂ ಇಲ್ಲೇ. ಪಶ್ಚಿಮ ಪೆಸಿಫಿಕ್ ದಿಬ್ಬಗಳಲ್ಲಿ ಗುಂಪುಗುಂಪಾಗಿ ಇರುವ ಕೊನೊಮ್ಯೂರೆಕ್ಸ್ ಲುಹುವಾನಸ್ ಎಂಬ ಸ್ಟ್ರೊಂಬ್, ಬೆನ್ನಿನ ಕಡೆಯಿಂದ ನೋಡಿದರೆ ಕೋನ್‌ನ ಪಡಿಯಚ್ಚು. ಹೆಗಲು ಅಗಲ, ಬುಡ ಕಿರಿದು, ಕಂದು ಬಿಳಿ ಮಚ್ಚೆ. ಅದನ್ನು ತಿರುಗಿಸಿ ನೋಡಿ. ಬಾಯಿಯ ಒಳಗೆ ಕಿತ್ತಳೆಗೆಂಪು, ನಡುಗಂಬದ ಮೇಲೆ ಕಡುಗಂದು ಪಟ್ಟಿ, ತುಟಿಯ ಕೆಳ ಅಂಚಿನಲ್ಲಿ ಆ ಎರಡನೆಯ ಕಚ್ಚು. ಇವು ಮೂರೂ ಕಂಡರೆ ಅದು ಸ್ಟ್ರೊಂಬ್. ಕೋನ್‌ನಲ್ಲಿ ತುಟಿ ತೆಳ್ಳಗೆ, ಹೆಚ್ಚೂಕಡಿಮೆ ನೇರವಾಗಿ ಇಳಿಯುತ್ತದೆ, ಎರಡನೆಯ ಕಚ್ಚು ಇರುವುದಿಲ್ಲ. ನೀರಿನಲ್ಲಿ ಈ ಪರೀಕ್ಷೆ ಮಾಡಲು ಹೋಗಬೇಡಿ. ಅನುಮಾನವಿದ್ದರೆ ಕೋನ್ ಎಂದೇ ತಿಳಿದು ದೂರವಿರಿ.

ಇನ್ನು ವಯಸ್ಸು. ಎಳೆಯ ಚಿಪ್ಪು ಬೆಳೆದ ಚಿಪ್ಪಿನ ಹಾಗೆ ಇರುವುದೇ ಇಲ್ಲ, ಎಷ್ಟೋ ತಪ್ಪು ಹೆಸರುಗಳಿಗೆ ಮೂಲ ಇದೇ. ಎಳೆಯ ಕವಡೆಯ ಚಿಪ್ಪು ತೆಳ್ಳಗಿರುತ್ತದೆ, ಗೋಪುರ ಹೊರಗೆ ಕಾಣುತ್ತದೆ, ತುಟಿ ಒಳಕ್ಕೆ ಮಡಚಿರುವುದಿಲ್ಲ, ಹಲ್ಲೇ ಇರುವುದಿಲ್ಲ. ಚುಕ್ಕೆಗಳ ಬದಲು ಅಡ್ಡ ಪಟ್ಟೆಗಳಿರುತ್ತವೆ. ಜನ ಅದನ್ನು ಆಲಿವ್ ಶಂಖ ಎಂದೋ ಗುಳ್ಳೆಶಂಖ ಎಂದೋ ಕರೆದುಬಿಡುತ್ತಾರೆ. ಗುಳ್ಳೆಶಂಖ ಬುಲ್ಲಾದಲ್ಲಿ ತುದಿ ಎದ್ದಿರುವುದಿಲ್ಲ, ಅಲ್ಲೊಂದು ಕುಳಿ ಇರುತ್ತದೆ. ಆಲಿವ್‌ನಲ್ಲಿ ಸುತ್ತುಗಳ ನಡುವಿನ ಸೇರುಗೆರೆ ಆಳವಾದ ಕಾಲುವೆಯಾಗಿರುತ್ತದೆ.

ಲ್ಯಾಂಬಿಸ್ ಲ್ಯಾಂಬಿಸ್ ಎನ್ನುವ ಜೇಡಶಂಖಕ್ಕೆ ಬೆಳೆದ ಮೇಲಷ್ಟೇ ಬೆರಳುಗಳು ಮೂಡುತ್ತವೆ. ಎಳೆಯದರ ತುಟಿ ಬೋಳು. ಅದರಲ್ಲೇ ಹೆಣ್ಣಿನ ಬೆರಳುಗಳು ಉದ್ದವಾಗಿ ಮೇಲಕ್ಕೆ ಬಾಗಿದ್ದರೆ, ಗಂಡಿನವು ಗಿಡ್ಡ. ಎರಡನ್ನೂ ಅಕ್ಕಪಕ್ಕ ಇಟ್ಟು ಎರಡು ಪ್ರಭೇದ ಎಂದು ಬರೆದ ಪಟ್ಟಿಗಳು ಹೇರಳ.

ಆದ್ದರಿಂದ ನಿಯಮ ಹೀಗಿರಲಿ: ತುಟಿ ತೆಳ್ಳಗೆ, ಅಂಚು ಹರಿತವಾಗಿದ್ದರೆ ಎಳೆಯದಿರಬಹುದು ಎಂದು ಬರೆದುಕೊಂಡು ಮುಂದೆ ಹೋಗಿ. ಆದರೆ ಕೋನ್, ಟರ್ಬೊ ಮುಂತಾದವುಗಳಲ್ಲಿ ಬೆಳೆದ ಮೇಲೂ ತುಟಿ ತೆಳ್ಳಗೇ ಇರುತ್ತದೆ.

## ಹಂತ 8: ಗೋಪುರ ಮತ್ತು ಮೇಲ್ಮೈ

ದೊಡ್ಡ ಸುತ್ತಿನ ಮೇಲಿರುವ ಭಾಗವೆಲ್ಲ ಗೋಪುರ. ಅದು ಎತ್ತರವೋ ತಗ್ಗೋ, ಸುತ್ತುಗಳು ಎಷ್ಟು, ಪ್ರತಿ ಸುತ್ತಿನ ಹೆಗಲು ದುಂಡೋ ಕೋನವೋ, ಹೆಗಲ ಮೇಲೆ ಗಂಟುಗಳಿವೆಯೋ ಎಂಬುದನ್ನು ಬರೆಯಿರಿ. ತುದಿ ಸವೆದಿದ್ದರೆ ಸುತ್ತುಗಳ ಎಣಿಕೆ ನಂಬಬೇಡಿ.

ಮೇಲ್ಮೈಯಲ್ಲಿ ಎರಡು ದಿಕ್ಕಿನ ರಚನೆಗಳಿರುತ್ತವೆ. ಸುರುಳಿಯ ಜೊತೆ ಸುತ್ತುವ ಗೆರೆಗಳು ಒಂದು, ಮೇಲಿಂದ ಕೆಳಗೆ ಇಳಿಯುವ ಏಣುಗಳು ಇನ್ನೊಂದು. ಎರಡೂ ಕೂಡಿದಲ್ಲಿ ಗಂಟು ಅಥವಾ ಬಲೆಯಂತಹ ಮೈ. ಯಾವುದು ಬಲವಾಗಿದೆ ಎಂಬುದನ್ನು ಖಚಿತ ಮಾಡಿಕೊಳ್ಳಿ.

ಮೇಲಿಂದ ಕೆಳಗೆ ಇಳಿಯುವ ಏಣುಗಳಲ್ಲಿ ಕೆಲವು ಮಾತ್ರ ಉಳಿದವಕ್ಕಿಂತ ಬಹಳ ದಪ್ಪವಾಗಿದ್ದರೆ ಅವುಗಳಿಗೆ ವೇರಿಕ್ಸ್ ಎನ್ನುತ್ತಾರೆ. ಬೆಳವಣಿಗೆ ನಿಂತಾಗ ಕಟ್ಟಿದ ಹಳೆಯ ತುಟಿಗಳು ಅವು. ಚಿಪ್ಪನ್ನು ತುದಿಯ ಕಡೆಯಿಂದ ನೋಡುತ್ತಾ ಎಣಿಸಿ. ಒಂದು ಸುತ್ತಿಗೆ ಮೂರು ಬಂದು, ಮುಳ್ಳು ಅಥವಾ ಎಲೆಯಂತಹ ಚಾಚುಗಳಿದ್ದರೆ ಮ್ಯೂರೆಕ್ಸ್, ಚಿಕೋರಿಯಸ್. ಎರಡೇ ಬಂದು, ಎದುರುಬದುರಾಗಿ ಗೋಪುರದ ಎರಡೂ ಬದಿಗೆ ಸಾಲಾಗಿ ನಿಂತಿದ್ದರೆ ಕಪ್ಪೆಶಂಖ. ಅದಕ್ಕೆ ಬಾಯಿಯ ಮೇಲ್ಮೂಲೆಯಲ್ಲೂ ಒಂದು ಕಾಲುವೆ ಇರುತ್ತದೆ. ವೇರಿಕ್ಸ್‌ಗಳು ಸಾಲಿಗೆ ಬರದೆ ಸುತ್ತಿನಿಂದ ಸುತ್ತಿಗೆ ಜಾರುತ್ತಾ ಹೋದರೆ ಟ್ರೈಟಾನ್ ಬಳಗ ನೋಡಿ. ಡ್ರೂಪಾ, ಡ್ರೂಪೆಲಾ ಮ್ಯೂರೆಕ್ಸ್ ಕುಟುಂಬದವೇ ಆದರೂ ಅವುಗಳಲ್ಲಿ ವೇರಿಕ್ಸ್ ಇರುವುದಿಲ್ಲ, ಗಂಟುಗಳ ಸಾಲು ಮಾತ್ರ.

## ಹಂತ 9: ಈಗ ಬಣ್ಣ

ಕುಟುಂಬ ಗೊತ್ತಾದ ಮೇಲೆ ಬಣ್ಣಕ್ಕೆ ಬೆಲೆ ಬರುತ್ತದೆ. ಅದರಲ್ಲೂ ಒಳಬಣ್ಣ ಹೊರಬಣ್ಣಕ್ಕಿಂತ ನಂಬಿಗಸ್ತ. ಡ್ರೂಪಾ ಮೋರಮ್‌ನ ಹೊರಮೈ ಪಾಚಿಯಿಂದ ಮುಚ್ಚಿ ಏನೂ ಕಾಣದಿದ್ದರೂ ಬಾಯಿಯ ನೇರಳೆ ಬಣ್ಣ ಅದನ್ನು ಹೇಳಿಬಿಡುತ್ತದೆ. ಅದರ ಸೋದರ ಡ್ರೂಪಾ ರಿಸಿನಸ್‌ನ ಬಾಯಿ ಬಿಳಿ, ಕೆಲವದರಲ್ಲಿ ಹಳದಿ ಅಥವಾ ಕಿತ್ತಳೆ ಬಳೆ.

ಚಿತ್ತಾರ ನೋಡುವಾಗ ಬಣ್ಣಕ್ಕಿಂತ ವಿನ್ಯಾಸವನ್ನು ಬರೆಯಿರಿ: ಚುಕ್ಕೆಗಳು ಸಾಲಿನಲ್ಲಿವೆಯೋ ಚೆಲ್ಲಿವೆಯೋ, ಪಟ್ಟೆಗಳು ಸುತ್ತು ದಿಕ್ಕಿನವೋ ಉದ್ದ ದಿಕ್ಕಿನವೋ. ಬಿಸಿಲಿಗೆ ಕಂದು ತಿಳಿಯಾಗಿ, ಕೆಂಪು ಮಾಸಿಹೋಗಿರಬಹುದು. ವಿನ್ಯಾಸ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ಸವೆದ ಚಿಪ್ಪು ಹೊಸ ಬಣ್ಣವನ್ನೇ ತೋರಿಸುತ್ತದೆ ಎಂಬುದು ನೆನಪಿರಲಿ. ಚಿಕ್ಕ ಕವಡೆಗಳ ಮೇಲ್ಪದರ ಹೋದರೆ ಅಡಿಯಲ್ಲಿ ನೇರಳೆ ಪದರ ಇರುತ್ತದೆ. "ನೇರಳೆ ಕವಡೆ" ಎಂದು ಹುಡುಕಿ ಸುಸ್ತಾಗಬೇಡಿ. ಅಲಂಕಾರದ ಅಂಗಡಿಗಳಲ್ಲಿ ಆಮ್ಲದಲ್ಲಿ ಅದ್ದಿ ಹಾಗೆ ಮಾಡಿದ ಕವಡೆಗಳು, ಹೊರಪದರ ಉಜ್ಜಿ ಮೈಯೆಲ್ಲ ಮುತ್ತಿನ ಹೊಳಪು ಬರಿಸಿದ ಟರ್ಬೊಗಳು, ಬಣ್ಣ ಹಾಕಿದ ಚಿಪ್ಪುಗಳು ಧಾರಾಳವಾಗಿ ಇರುತ್ತವೆ. ಅವುಗಳಲ್ಲಿ ಆಕಾರ ಒಂದೇ ಸಾಕ್ಷಿ.

## ಹಂತ 10: ಕುಟುಂಬದಿಂದ ಪ್ರಭೇದಕ್ಕೆ

ನೀವು ಬರೆದ ಕುಟುಂಬದಲ್ಲಿ, ನಿಮ್ಮ ಕಡಲಿನಲ್ಲಿ ದಾಖಲಾದ ಪ್ರಭೇದಗಳ ಪಟ್ಟಿ ಮೊದಲು ಹಿಡಿಯಿರಿ. ಅಟ್ಲಾಂಟಿಕ್‌ನಲ್ಲಿ ಮಾತ್ರ ಬದುಕುವ ಶಂಖದ ಹೆಸರನ್ನು ಹಿಂದೂ ಮಹಾಸಾಗರದ ಚಿಪ್ಪಿಗೆ ಕೊಡುವ ತಪ್ಪು ಈ ಒಂದು ಜರಡಿಯಲ್ಲೇ ನಿಲ್ಲುತ್ತದೆ. ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ಗಳ ಉತ್ತರವನ್ನೂ ಈ ಜರಡಿಗೆ ಹಾಕಿ. ಉಳಿದ ಹೆಸರುಗಳಲ್ಲಿ, "ಇದು ಏಕೆ ಆಗಲಾರದು" ಎಂದು ಕೇಳುತ್ತಾ ಒಂದೊಂದನ್ನೇ ತೆಗೆಯುತ್ತಾ ಹೋಗಿ. ಹೋಲಿಕೆ ಹುಡುಕಿದರೆ ಎಲ್ಲದರಲ್ಲೂ ಸಿಗುತ್ತದೆ, ವ್ಯತ್ಯಾಸ ಹುಡುಕಿದರೆ ಮಾತ್ರ ಉತ್ತರ ಹತ್ತಿರ ಬರುತ್ತದೆ.

### ಎರಡು ಚಿಕ್ಕ ಕವಡೆಗಳು

ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ತೆಳುನೀರಿನಲ್ಲಿ ಮೊನೆಟಾರಿಯಾ ಮೊನೆಟಾ ಮತ್ತು ಮೊನೆಟಾರಿಯಾ ಆನ್ಯುಲಸ್ ಎರಡೂ ಸಾಮಾನ್ಯ. ಪುಸ್ತಕದ ಪ್ರಕಾರ ಮೊದಲನೆಯದು ಹಳದಿ, ಎರಡನೆಯದಕ್ಕೆ ಬೆನ್ನ ಮೇಲೆ ಚಿನ್ನದ ಬಣ್ಣದ ಬಳೆ. ಕೈಯಲ್ಲಿರುವ ಚಿಪ್ಪಿನಲ್ಲಿ ಇದು ಅಷ್ಟು ಸಲೀಸಲ್ಲ. ಮೊನೆಟಾದ ಬೆನ್ನಿನಲ್ಲೂ ಕೆಲವೊಮ್ಮೆ ತಿಳಿಬಳೆ ಇರುತ್ತದೆ, ಸವೆದ ಆನ್ಯುಲಸ್‌ನಲ್ಲಿ ಬಳೆ ಅಳಿಸಿಹೋಗಿರುತ್ತದೆ.

ಬಳೆಯನ್ನು ಬಿಟ್ಟು ಹೊರರೇಖೆ ನೋಡಿ. ಚಿಪ್ಪನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯಿರಿ. ಆನ್ಯುಲಸ್‌ದು ನಯವಾದ ಮೊಟ್ಟೆಯಾಕಾರ. ಮೊನೆಟಾದ ಗೆರೆ ಹಿಂಬದಿಯಲ್ಲಿ ಅಗಲಗೊಂಡು ಮೂಲೆ ಮೂಲೆಯಾಗಿ ಬರುತ್ತದೆ. ಬೆರಳಿನಿಂದ ಸವರಿದರೆ ಆ ಮೂಲೆಗಳಲ್ಲಿ ದಪ್ಪ ಗಂಟುಗಳು ಸಿಗುತ್ತವೆ. ಎರಡು ಸೆಂಟಿಮೀಟರ್ ಆಸುಪಾಸಿನ ಚಿಪ್ಪಿನಲ್ಲೂ ಇದು ಸ್ಪಷ್ಟ. ಎಳೆಯ ಮೊನೆಟಾದಲ್ಲಿ ಗಂಟುಗಳು ಇನ್ನೂ ಕಟ್ಟಿರುವುದಿಲ್ಲ, ಆಗ ಕುಲದ ಹೆಸರಿಗೇ ನಿಲ್ಲಿಸಿ.

ಗಾತ್ರವನ್ನು ಇಲ್ಲಿ ಪ್ರಮಾಣವಾಗಿ ಹಿಡಿಯಬೇಡಿ. ತುಟಿ ಮಡಚಿ ಹಲ್ಲು ಮೂಡಿದ ಮೇಲೆ ಕವಡೆ ಉದ್ದ ಬೆಳೆಯುವುದಿಲ್ಲ, ದಪ್ಪವಾಗುತ್ತದಷ್ಟೆ. ಒಂದೇ ಪ್ರಭೇದದ ಪೂರ್ತಿ ಬೆಳೆದ ಕವಡೆಗಳಲ್ಲೇ ದೊಡ್ಡವು, ಚಿಕ್ಕವು ಇರುತ್ತವೆ.

### ಕಪ್ಪು ಬಿಳುಪಿನ ಕೋನ್‌ಗಳು

ಕೋನಸ್ ಎಬ್ರೇಯಸ್‌ನ ಬಿಳಿ ಮೈಮೇಲೆ ಕಪ್ಪು ಚೌಕಗಳು ಸುತ್ತು ಸಾಲಿನಲ್ಲಿ ನಿಂತಿರುತ್ತವೆ. ಕೋನಸ್ ಕಾಲ್ಡೇಯಸ್‌ನಲ್ಲಿ ಕಪ್ಪು ಗೆರೆಗಳು ಅಂಕುಡೊಂಕಾಗಿ ಮೇಲಿಂದ ಕೆಳಗೆ ಹರಿಯುತ್ತವೆ, ಹೆಚ್ಚಾಗಿ ನಡುವೆ ಒಂದು ಬಿಳಿ ಪಟ್ಟಿ ಅವುಗಳನ್ನು ಕತ್ತರಿಸುತ್ತದೆ. ಚೌಕದ ಸಾಲೋ ಇಳಿಯುವ ಗೆರೆಯೋ ಎಂಬುದನ್ನು ನೋಡಿದರೆ ಚೆನ್ನಾಗಿರುವ ಚಿಪ್ಪಿನಲ್ಲಿ ಗೊಂದಲವಿಲ್ಲ.

ಆದರೆ ಇದೇ ಎಬ್ರೇಯಸ್‌ಗೆ ಚಿಪ್ಪಿನಲ್ಲಿ ಬೇರೆ ಮಾಡಲಾಗದ ಇನ್ನೊಂದು ಪ್ರಭೇದವಿದೆ, ಕೋನಸ್ ಜುಡೇಯಸ್. 2009ರಲ್ಲಿ ಡಿಎನ್‌ಎ ಮತ್ತು ಈಟಿಹಲ್ಲಿನ ರಚನೆ ನೋಡಿ ಅದನ್ನು ಪ್ರತ್ಯೇಕ ಎಂದು ತೋರಿಸಲಾಯಿತು. ಎರಡೂ ಇರುವ ಕಡಲಿನ ಚಿಪ್ಪಿಗೆ ಕಣ್ಣಳತೆಯಲ್ಲಿ ಒಂದೇ ಹೆಸರು ಕೊಡುವುದು ಸರಿಯಲ್ಲ. "ಎಬ್ರೇಯಸ್ ಅಥವಾ ಜುಡೇಯಸ್" ಎಂದು ಬರೆಯುವುದೇ ಪ್ರಾಮಾಣಿಕ ಉತ್ತರ.

ಅಪಾಯಕಾರಿ ಜಿಯೋಗ್ರಾಫಸ್‌ನ ಗುರುತೂ ತಿಳಿದಿರಲಿ. ಚಿಪ್ಪು 10 ಸೆಂ.ಮೀ. ದಾಟಿ ಬೆಳೆಯುತ್ತದೆ, ಗಾತ್ರಕ್ಕೆ ಹೋಲಿಸಿದರೆ ತೆಳು, ಹಗುರ. ಹೆಗಲ ಮೇಲೆ ತಗ್ಗಾದ ಗಂಟುಗಳು. ಬಾಯಿ ಬುಡದ ಕಡೆಗೆ ಅಗಲವಾಗುತ್ತಾ ಹೋಗುತ್ತದೆ. ಬೇರೆ ಹೆಚ್ಚಿನ ಕೋನ್‌ಗಳಲ್ಲಿ ಬಾಯಿ ಉದ್ದಕ್ಕೂ ಕಿರಿದು.

## ಹಂತ 11: ಹೆಸರು ಈಗಲೂ ಚಾಲ್ತಿಯಲ್ಲಿದೆಯೇ ನೋಡಿ

ಹಳೆಯ ಪುಸ್ತಕದಲ್ಲಿ ಟ್ರೋಕಸ್ ನೈಲೋಟಿಕಸ್ ಎಂದಿದ್ದ ದೊಡ್ಡ ಬುಗುರಿಶಂಖ ಆಮೇಲೆ ಟೆಕ್ಟಸ್ ನೈಲೋಟಿಕಸ್ ಆಯಿತು, ಈಗ ರೋಕಿಯಾ ನೈಲೋಟಿಕಾ. ಮೂರು ಹೆಸರು, ಪ್ರಾಣಿ ಒಂದೇ. ಇದನ್ನು ತಿಳಿಯದೆ ಮೂರು ಪ್ರಭೇದ ಎಂದು ಪಟ್ಟಿ ಮಾಡುವವರಿದ್ದಾರೆ. ಮೊಲಸ್ಕಾಬೇಸ್ ಅಥವಾ ವರ್ಮ್ಸ್ ಎಂಬ ಕಡಲಜೀವಿಗಳ ಹೆಸರುಪಟ್ಟಿಯಲ್ಲಿ ಹಳೆಯ ಹೆಸರು ಹಾಕಿದರೆ ಈಗ ಒಪ್ಪಿರುವ ಹೆಸರು ಸಿಗುತ್ತದೆ.

ಪ್ರಭೇದದ ಹೆಸರಿನ ಮುಂದೆ ಹೆಸರಿಟ್ಟವರು ಯಾರು, ಯಾವ ವರ್ಷ ಎಂಬುದನ್ನು ಬರೆಯುತ್ತಾರೆ. ಲಿನೇಯಸ್, 1758 ಎಂಬಂತಹ ಆ ಭಾಗ ಆವರಣದೊಳಗೆ ಇದ್ದರೆ, ಹೆಸರಿಟ್ಟವರು ಬೇರೆ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಕುಲ ಬದಲಾಗಿದೆ ಎಂದರ್ಥ. ಮೊನೆಟಾರಿಯಾ ಮೊನೆಟಾ ಮೊದಲು ಸೈಪ್ರಿಯಾ ಮೊನೆಟಾ ಆಗಿತ್ತು. ಹಳೆಯ ದಾಖಲೆ ಹುಡುಕುವಾಗ ಆ ಹೆಸರೂ ಬೇಕಾಗುತ್ತದೆ.

## ಎಲ್ಲಿ ನಿಲ್ಲಬೇಕು

ಈ ಕೆಳಗಿನ ಯಾವುದಾದರೂ ಕಂಡರೆ ಪ್ರಭೇದದ ಹೆಸರಿಗೆ ಕೈಹಾಕಬೇಡಿ.

ತುಟಿ ಮುರಿದಿದೆ, ತುದಿಯೂ ಸವೆದಿದೆ. ಆಗ ವಯಸ್ಸೂ ಗೊತ್ತಾಗದು, ಅಳತೆಯೂ ನಿಲ್ಲದು.

ನಿಮ್ಮ ಚಿಪ್ಪಿನ ಚಿತ್ತಾರ ಪೂರ್ತಿ ಹೊಂದುತ್ತಿದೆ, ಆದರೆ ಬಾಯಿ ಹೊಂದುತ್ತಿಲ್ಲ. ಬಾಯಿಯನ್ನೇ ನಂಬಿ, ಐದನೆಯ ಹಂತಕ್ಕೆ ಹಿಂದಿರುಗಿ.

ನೀವು ಹೇಳುತ್ತಿರುವ ಪ್ರಭೇದ ಆ ಕಡಲಿನಲ್ಲಿ ಹಿಂದೆಂದೂ ದಾಖಲಾಗಿಲ್ಲ. ಹೊಸ ದಾಖಲೆ ಆಗಲೂಬಹುದು. ಆದರೆ ಎಳೆಯ ಚಿಪ್ಪು, ಸವೆದ ಚಿಪ್ಪು, ಬೇರೆಲ್ಲಿಂದಲೋ ಬಂದ ಚಿಪ್ಪು ಈ ಮೂರೂ ಅಲ್ಲ ಎಂದು ಮೊದಲು ತೋರಿಸಬೇಕು.

ಒಪ್ಪದ ಒಂದು ಗುರುತಿಗೆ ನೀವೇ ಸಮಜಾಯಿಷಿ ಕೊಡಲು ಶುರು ಮಾಡಿದ್ದೀರಿ. "ಬಣ್ಣ ಮಾಸಿರಬೇಕು, ಗಂಟು ಸವೆದಿರಬೇಕು, ಜಾಗ ತಪ್ಪಿರಬೇಕು" ಎಂದು ಎರಡು ಮೂರು ಸಬೂಬು ಸೇರಿದವೆಂದರೆ ಆ ಹೆಸರು ಕೈಬಿಡಿ.

ಹೀಗಾದಾಗ ಕುಲದ ಹೆಸರು ಬರೆದು ಮುಂದೆ ಎಸ್‌ಪಿ. (sp., ಪ್ರಭೇದ ಗೊತ್ತಾಗಿಲ್ಲ ಎಂಬ ಗುರುತು) ಎಂದು ಸೇರಿಸಿ. ಒಂದು ಪ್ರಭೇದಕ್ಕೆ ಹತ್ತಿರವಿದ್ದು ಖಚಿತವಿಲ್ಲದಿದ್ದರೆ ಕುಲ ಮತ್ತು ಪ್ರಭೇದದ ನಡುವೆ ಸಿಎಫ್. (cf., ಹೋಲಿಸಿ ನೋಡಿ) ಎಂದು ಹಾಕಿ. ಜೊತೆಗೆ ಯಾವ ಗುರುತು ಸಾಲದೆ ಬಂತು ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ: "ತುಟಿ ಮುರಿದಿದೆ", "ಒಳಬಣ್ಣ ಮಾಸಿದೆ" ಎಂಬಂತೆ. ಅಳತೆ, ಜಾಗ, ನಾಲ್ಕು ಫೋಟೊ ಮತ್ತು ಆ ಒಂದು ಸಾಲು ಜೊತೆಗಿದ್ದರೆ, ತಿಳಿದವರು ಯಾರಾದರೂ ಮುಂದೆ ನೋಡಿ ಹೆಸರು ಪೂರ್ತಿ ಮಾಡಬಲ್ಲರು.